‘ಗಾಡ್ಸ್ ಮಸ್ಟ್ ಬಿ ಕ್ರೇಜಿ’ ಮತ್ತೆ ನೋಡಿದೆ, ಈ ಸಲ ನಗು ಅರ್ಧಕ್ಕೇ ನಿಂತಿತು

ಕಾಫಿಪುಡಿ:
ಭಾನುವಾರ ಮಗಳಿಗೆ ತೋರಿಸೋಣ ಅಂತ ‘ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ’ ಹಾಕಿದೆ. ನಮ್ಮ ಬೀದಿಗೆಲ್ಲ ಒಂದೇ ವಿಸಿಆರ್ ಇದ್ದ ಕಾಲದಲ್ಲಿ ಇಪ್ಪತ್ತು ಜನ ಚಾಪೆ ಮೇಲೆ ಕೂತು ಬಿದ್ದು ಬಿದ್ದು ನಕ್ಕ ಸಿನಿಮಾ. ನೋಡದವರಿಗೆ ಕತೆ ಇಷ್ಟು: ಪುಟ್ಟ ವಿಮಾನದಿಂದ ಪೈಲಟ್ ಎಸೆದ ಕೋಕಾಕೋಲಾ ಬಾಟಲಿ ಆಫ್ರಿಕಾದ ದಕ್ಷಿಣದ ಕಲಹರಿ ಮರುಭೂಮಿಯಲ್ಲಿ ಬೇಟೆಯಾಡಿ ಬದುಕುವ ಒಂದು ಬುಷ್‌ಮನ್ ಕುಟುಂಬದ ಹತ್ತಿರ ಬೀಳುತ್ತದೆ. ದೇವರು ಕಳಿಸಿದ್ದು ಅಂದುಕೊಳ್ಳುತ್ತಾರೆ. ಇರುವುದು ಒಂದೇ ಬಾಟಲಿ, ಎಲ್ಲರಿಗೂ ಬೇಕು, ಜಗಳ ಶುರು. ಈ ಪೀಡೆ ಬೇಡವೇ ಬೇಡ ಅಂತ ಮನೆಯ ಗಂಡಸು ಅದನ್ನು ಲೋಕದ ಅಂಚಿನಿಂದಾಚೆ ಎಸೆದು ಬರಲು ಹೊರಡುತ್ತಾನೆ.

ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಮಗಳು ಕೇಳಿದಳು: “ಅಪ್ಪಾ, ಇದು ಪ್ರಾಣಿಗಳ ಚಾನೆಲ್ಲಾ?” ಜಿರಾಫೆ, ಜಿಂಕೆ ಬಗ್ಗೆ ಹೇಳುವ ಗಂಭೀರ ಗಂಡು ದನಿಯೇ ಈ ಮನುಷ್ಯರ ಬಗ್ಗೆಯೂ ಹೇಳುತ್ತಿತ್ತು. ಇವರಿಗೆ ಒಡೆತನ ಅಂದರೆ ಗೊತ್ತಿಲ್ಲವಂತೆ, ಶಿಕ್ಷೆ ಗೊತ್ತಿಲ್ಲವಂತೆ, ಲೋಕದಲ್ಲಿ ಬೇರೆ ಜನ ಇದ್ದಾರೆ ಅನ್ನುವುದೂ ಗೊತ್ತಿಲ್ಲವಂತೆ. ಅಲ್ಲಿಂದ ಮುಂದೆ ನನಗೆ ಮೊದಲಿನ ಹಾಗೆ ನಗಲು ಆಗಲಿಲ್ಲ. ನಾನು ಸುಮ್ನೆ ಜಾಸ್ತಿ ಯೋಚಿಸುತ್ತಿದ್ದೇನಾ? ಇಲ್ಲ, ಬಿಳಿಯರ ಕ್ಯಾಮೆರಾ ಆಫ್ರಿಕಾದವರನ್ನು ನೋಡುವುದೇ ಹೀಗಾ?

ಪಾಟೀಲ_ಹುಬ್ಳಿ:
ಹೌದು ಸರ್, ಜಾಸ್ತಿಯೇ ಯೋಚಿಸುತ್ತಿದ್ದೀರಿ. ಆ ದನಿ ಬುಷ್‌ಮನ್‌ಗಳನ್ನು ಮಾತ್ರ ಹಾಗೆ ವರ್ಣಿಸುವುದಿಲ್ಲ. ಮರುಕ್ಷಣವೇ ಪಟ್ಟಣಕ್ಕೆ ಬಂದು ಕಾರು, ಕಚೇರಿ, ಗಡಿಯಾರದ ಹಿಂದೆ ಓಡುವ ಬಿಳಿಯರನ್ನೂ ಅದೇ ಧಾಟಿಯಲ್ಲಿ ಗೇಲಿ ಮಾಡುತ್ತದೆ. ಇಡೀ ಸಿನಿಮಾದಲ್ಲಿ ಪೆದ್ದನಾಗುವವನು ಯಾರು? ಹೆಂಗಸನ್ನು ಕಂಡರೆ ಕೈಕಾಲು ಸಿಕ್ಕಿಹಾಕಿಕೊಂಡು ಬೀಳುವ ಬಿಳಿ ವಿಜ್ಞಾನಿ. ಕೊನೆಗೂ ಮರ್ಯಾದೆ ಉಳಿಸಿಕೊಳ್ಳುವವನು ಬಾಟಲಿ ಹಿಡಿದು ನಡೆದ ಮನುಷ್ಯನೇ. ಇನ್ನೊಂದು ಮಾತು, ನಿರ್ದೇಶಕ ಜೇಮಿ ಯೂಸ್ ಹಾಲಿವುಡ್‌ನವನಲ್ಲ, ದಕ್ಷಿಣ ಆಫ್ರಿಕಾದವನು. ಅವನೂ ಅಲ್ಲೇ ಹುಟ್ಟಿ ಬೆಳೆದವನು. ಎಲ್ಲದರಲ್ಲೂ ಹುಳುಕು ಹುಡುಕುತ್ತಾ ಹೋದರೆ ನಾಳೆ ಮಕ್ಕಳಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಓದೋಹುಳ:
ಪಾಟೀಲರೇ, ಅಲ್ಲೇ ಹುಟ್ಟಿ ಬೆಳೆದವನು ಸರಿ. ಯಾವ ಕಾಲದಲ್ಲಿ? ಸಿನಿಮಾ ಬಂದದ್ದು 1980ರಲ್ಲಿ, ವರ್ಣಭೇದ ನೀತಿ ಬಿಗಿಯಾಗಿದ್ದಾಗ. ಕರಿಯರಿಗೆ ಮತ ಇರಲಿಲ್ಲ. ಹೊರದೇಶಗಳು ದಕ್ಷಿಣ ಆಫ್ರಿಕಾಕ್ಕೆ ಬಹಿಷ್ಕಾರ ಹಾಕಿದ್ದವು, ಹಾಗಾಗಿ ಸಿನಿಮಾ ಹೊರಗೆ ಪಕ್ಕದ ದೇಶ ಬೋಟ್ಸ್‌ವಾನಾದ ಹೆಸರು ಹೊತ್ತು ಓಡಾಡಿತು. 1984ರಲ್ಲಿ ಅಮೆರಿಕಕ್ಕೆ ಬಂದು ಭರ್ಜರಿ ದುಡ್ಡು ಮಾಡಿತು. ಬಿಳಿಯರನ್ನು ಗೇಲಿ ಮಾಡುತ್ತದೆ ಅಂದಿರಿ. ಆದರೆ ಬಂದೂಕು ಹಿಡಿದ ಕರಿಯರು ಹೇಗಿದ್ದಾರೆ ನೋಡಿದಿರಾ? ಬಾಳೆ ತೋಟದಲ್ಲಿ ಎಡವಿ ಬೀಳುವ ದಡ್ಡ ದಂಗೆಕೋರರು. ಪಕ್ಕದ ನಮೀಬಿಯಾದಲ್ಲಿ ಜನ ದಕ್ಷಿಣ ಆಫ್ರಿಕಾದ ಆಳ್ವಿಕೆ ಬೇಡ ಅಂತ ನಿಜವಾಗಿಯೂ ಬಂದೂಕು ಹಿಡಿದು ಹೋರಾಡುತ್ತಿದ್ದ ಕಾಲ ಅದು!

ಆಮೇಲೆ ಬಾಟಲಿ ಹಿಡಿದು ನಡೆಯುವ ಆ ಪಾತ್ರದ ನಟ. ಹೆಸರು ನ!ಖಾವ್ (ಮಧ್ಯದ ಆಶ್ಚರ್ಯಸೂಚಕ ತಪ್ಪಿ ಬಿದ್ದದ್ದಲ್ಲ, ನಾಲಿಗೆಯಲ್ಲಿ ಲೊಚಗುಟ್ಟುವ ಸದ್ದಿಗೆ ಅವರ ಬರವಣಿಗೆಯಲ್ಲಿ ಅದೇ ಗುರುತು, ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ). ಕಾಡಿನಿಂದ ಸೀದಾ ಹಿಡಿದು ತಂದವನ ಹಾಗೆ ಪ್ರಚಾರ ಆಯಿತು. ನಿಜದಲ್ಲಿ ಆತ ಚಿಕ್ಕಂದಿನಲ್ಲಿ ಬೇರೆಯವರ ದನ ಕಾಯ್ದವನು, ಆಮೇಲೆ ನಮೀಬಿಯಾದ ಒಂದು ಶಾಲೆಯಲ್ಲಿ ಅಡುಗೆ ಕೆಲಸಕ್ಕಿದ್ದವನು. ಶಾಲೆಯ ಅಡುಗೆಮನೆಯಲ್ಲಿ ದುಡಿದವನಿಗೆ ಬಾಟಲಿ ಅಂದರೇನು ಅಂತ ಗೊತ್ತಿರಲಿಲ್ಲವಾ? ಗೊತ್ತಿಲ್ಲದವನ ಹಾಗೆ ಆತ ಎಷ್ಟು ಚೆನ್ನಾಗಿ ನಟಿಸಿದ್ದಾನೆ ಅನ್ನುವುದೇ ದೊಡ್ಡ ಸಂಗತಿ. ನಟ ಅನ್ನುವ ಹೆಸರೂ ಆತನಿಗೆ ಸಿಗಲಿಲ್ಲ, ಅದೆಲ್ಲ ಅವರ ಸಹಜ ಗುಣ ಅಂತಾಯಿತು.

ಪಾಟೀಲ_ಹುಬ್ಳಿ:
ಅಡುಗೆ ಕೆಲಸದ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನಟನೆ ಅಂದರೆ ಅದೇ ತಾನೇ? ರೈತನ ಪಾತ್ರ ಮಾಡುವ ನಮ್ಮ ಹೀರೋ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುತ್ತಾನೆ. ನ!ಖಾವ್‌ಗೆ ಎರಡನೇ ಭಾಗಕ್ಕೆ ಲಕ್ಷಗಟ್ಟಲೆ ಡಾಲರ್ ಸಿಕ್ಕಿತು, ಅದರಲ್ಲಿ ಇಟ್ಟಿಗೆ ಮನೆ ಕಟ್ಟಿಸಿಕೊಂಡ. ಹಾಂಗ್‌ಕಾಂಗ್ ಸಿನಿಮಾಗಳಲ್ಲೂ ಮಾಡಿದ, ಒಂದರಲ್ಲಂತೂ ಕುಪ್ಪಳಿಸುವ ಚೀನೀ ದೆವ್ವದ ಜೊತೆ! ಆತನಿಗಿಲ್ಲದ ಬೇಜಾರು ನಮಗೆ ಯಾಕೆ?

ಓದೋಹುಳ:
ಎರಡನೇ ಭಾಗಕ್ಕೆ ಆತನೇ ಚೌಕಾಸಿ ಮಾಡಿ ತೆಗೆದುಕೊಂಡ, ಭೇಷ್. ಮೊದಲನೆಯದಕ್ಕೆ ಕೆಲವು ನೂರು ಡಾಲರ್ ಕೊಟ್ಟರು ಅಂತ ಎಲ್ಲ ಕಡೆ ಬರೆದಿದ್ದಾರೆ. ಕೋಟಿಗಟ್ಟಲೆ ಬಾಚಿದ ಸಿನಿಮಾ ಅದು. ಒಡೆತನವೇ ಗೊತ್ತಿಲ್ಲದವರಿಗೆ ದುಡ್ಡು ಯಾಕೆ, ಅಲ್ವಾ?

ಲೈಟ್‌ಬಾಯ್_ಗಾಂಧಿನಗರ:
ಕತೆ, ರಾಜಕೀಯ ನೀವು ನೋಡಿಕೊಳ್ಳಿ. ನಾನು ಬೆಳಕಿನ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಹೊಟ್ಟೆಪಾಡು ಅದೇ ಆದ್ದರಿಂದ.

ಹಿಂದೆ ಫಿಲ್ಮ್ ರೋಲ್ ಕಾಲದಲ್ಲಿ ಲ್ಯಾಬಿನವರು ಬಣ್ಣ ಸರಿ ಬಂತಾ ನೋಡಲು ಒಂದು ಕಾರ್ಡ್ ಇಟ್ಟುಕೊಳ್ಳುತ್ತಿದ್ದರು, ಶರ್ಲಿ ಕಾರ್ಡ್ ಅಂತ. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೋ. ಅವಳ ಚರ್ಮ ಚೆನ್ನಾಗಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ. ಕಪ್ಪು ಮುಖ ಮತ್ತು ಬಿಳಿ ಮುಖ ಒಂದೇ ಫ್ರೇಮಿನಲ್ಲಿದ್ದರೆ ಬಿಳಿ ಮುಖಕ್ಕೆ ಎಕ್ಸ್‌ಪೋಷರ್ ಇಡುತ್ತಿದ್ದರು. ಕಪ್ಪು ಮುಖದಲ್ಲಿ ಹಲ್ಲು, ಕಣ್ಣು ಮಾತ್ರ ಉಳಿಯುತ್ತಿತ್ತು. ಹಳೇ ಕಾಡಿನ ಸಿನಿಮಾಗಳಲ್ಲಿ ಆ ಜನ ಒಂದು ಗುಂಪಿನ ಹಾಗೆ, ಮುಖವೇ ಇಲ್ಲದ ಹಾಗೆ ಕಾಣುವುದು ಇದರಿಂದಲೂ ಹೌದು. ಕಪ್ಪು ಚರ್ಮಕ್ಕೆ ಬೆಳಕು ಕೊಡುವುದು ಬ್ರಹ್ಮವಿದ್ಯೆ ಅಲ್ಲ. ಲೈಟನ್ನು ನೇರವಾಗಿ ಮುಖಕ್ಕೆ ಬಡಿಯದೆ, ಪಕ್ಕದಲ್ಲಿ ದೊಡ್ಡ ಥರ್ಮಾಕೋಲ್ ಹಿಡಿದು ಬೌನ್ಸ್ ಕೊಟ್ಟರೆ ಕೆನ್ನೆಯ ಮೇಲೆ ಹೊಳಪು ಹೇಗೆ ಕೂರುತ್ತದೆ ಗೊತ್ತಾ? ಐದು ನಿಮಿಷದ ಕೆಲಸ. ಆ ಐದು ನಿಮಿಷ ಯಾರಿಗೆ ಕೊಡುತ್ತಾರೆ ಅನ್ನುವುದೇ ವಿಷಯ.

ಈಗ ಫಿಲ್ಮ್ ಹೋಯಿತು, ಡಿಐ ಬಂತು, ಅಂದರೆ ಕಂಪ್ಯೂಟರಿನಲ್ಲೇ ಬಣ್ಣ ತಿದ್ದುವುದು. ಅಲ್ಲಿ ಇನ್ನೊಂದು ಚಟ. ಲಂಡನ್ ಅಂದರೆ ನೀಲಿ, ಆಫ್ರಿಕಾ ಅಂದರೆ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ. ನಮ್ಮನ್ನೂ ಬಿಟ್ಟಿಲ್ಲ, ಭಾರತ, ಬಾಂಗ್ಲಾ, ಮೆಕ್ಸಿಕೋ ಎಲ್ಲಕ್ಕೂ ಅದೇ ಹಳದಿ.

ನೈರೋಬಿ_ಶೆಟ್ಟಿ:
ಲೈಟ್‌ಬಾಯ್ ಅಣ್ಣ, ಆ ಹಳದಿ ವಿಷಯಕ್ಕೆ ನನ್ನದೂ ಒಂದು ಸಹಿ. ನೈರೋಬಿಗೆ ಬಂದು ಏಳು ವರ್ಷ ಆಯಿತು. ಇದು ಸಮುದ್ರಮಟ್ಟದಿಂದ 1,700 ಮೀಟರ್ ಎತ್ತರದ ಊರು. ಜುಲೈ ತಿಂಗಳಲ್ಲಿ ಸ್ವೆಟರ್ ಇಲ್ಲದೆ ಹೊರಗೆ ಹೋಗುವ ಹಾಗಿಲ್ಲ, ಮೋಡ ಮುಚ್ಚಿ ಮಡಿಕೇರಿಯ ಹಾಗೆ ಇರುತ್ತದೆ. ಕುಂದಾಪುರದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ “ಸೆಕೆ ತಡೆಯುತ್ತಾ ಮಗಾ?” ಅಂತ ಕೇಳುತ್ತಾರೆ. ಕುಂದಾಪುರದಲ್ಲಿ ಕೂತು! ಇಲ್ಲಿ ತರಕಾರಿ ಅಂಗಡಿಯವಳಿಗೂ ಮೊಬೈಲಿನಿಂದಲೇ ಎಂ-ಪೆಸಾದಲ್ಲಿ ದುಡ್ಡು ಕಳಿಸುತ್ತೇವೆ, ಅದು ಶುರುವಾದದ್ದು 2007ರಲ್ಲಿ, ನಮ್ಮಲ್ಲಿ ಯುಪಿಐ ಅನ್ನುವ ಹೆಸರೂ ಹುಟ್ಟಿರಲಿಲ್ಲ. ಸಿಂಹ ಇದೆಯಾ ಅಂತ ಕೇಳಿದರೆ ಮಾತ್ರ ಸುಳ್ಳು ಹೇಳಲಾರೆ, ಇದೆ, ಊರಿಗೆ ಅಂಟಿಕೊಂಡೇ ನ್ಯಾಷನಲ್ ಪಾರ್ಕ್ ಇದೆ :)

1985ರ ‘ಔಟ್ ಆಫ್ ಆಫ್ರಿಕಾ’ ಇಲ್ಲೇ ತೆಗೆದದ್ದು, ಏಳು ಆಸ್ಕರ್ ಬಂತು. ನೋಡಲು ಬಹಳ ಚೆಂದ, ನಾನೂ ಎರಡು ಸಲ ನೋಡಿದ್ದೇನೆ. ಆದರೆ ಅದರಲ್ಲಿ ಕೆನ್ಯಾದವರು ಏನು ಮಾಡುತ್ತಾರೆ? ತಟ್ಟೆ ಹಿಡಿಯುತ್ತಾರೆ, ದೀಪ ಹಿಡಿಯುತ್ತಾರೆ, ಯಜಮಾನಿ ಊರಿಗೆ ಹೊರಟಾಗ ದುಃಖ ಪಡುತ್ತಾರೆ. ಆ ಕಾಫಿ ತೋಟದ ನೆಲ ಮೊದಲು ಯಾರದ್ದಿತ್ತು ಅನ್ನುವುದು ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. 2005ರ ‘ದಿ ಕಾನ್‌ಸ್ಟಂಟ್ ಗಾರ್ಡನರ್’ ಕಿಬೇರಾ ಕೊಳಗೇರಿಯಲ್ಲೇ ಚಿತ್ರೀಕರಣ ಆಯಿತು. ಅವರನ್ನು ಪೂರ್ತಿ ಬಯ್ಯಲಾರೆ. ಕೆಲಸ ಮುಗಿದ ಮೇಲೆ ಟ್ರಸ್ಟ್ ಮಾಡಿ ಶಾಲೆಗೆ ದುಡ್ಡು ಹಾಕಿದರು. ಆದರೂ ಸಾಯುವ ಕೆನ್ಯಾದವರಿಗಾಗಿ ಅಳುವ ಒಂದು ಬಿಳಿ ಮುಖ ನಡುವೆ ಬೇಕೇ ಬೇಕು. ಇಲ್ಲದಿದ್ದರೆ ಟಿಕೆಟ್ ಹೋಗುವುದಿಲ್ಲವೇನೋ.

ಖೆಡ್ಡಾಮನೆ:
ಎಲ್ಲರೂ ಆಫ್ರಿಕಾ ಅನ್ನುತ್ತಿದ್ದೀರಿ, ನಮ್ಮ ಮೈಸೂರಿಗೂ ಇದಕ್ಕೂ ನೇರ ನಂಟಿದೆ. 1935ರಲ್ಲಿ ಲಂಡನ್ನಿನ ಜೋಲ್ಟನ್ ಕೊರ್ಡಾ ‘ಸ್ಯಾಂಡರ್ಸ್ ಆಫ್ ದಿ ರಿವರ್’ ಮಾಡಿದ. ನೈಜೀರಿಯಾದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಕರಿಯರನ್ನು ಮಕ್ಕಳ ಹಾಗೆ ಸಂಭಾಳಿಸುವ ಕತೆ. ಅದರಲ್ಲಿ ದೊಡ್ಡ ಗಾಯಕ ಪಾಲ್ ರಾಬ್ಸನ್ ಇದ್ದ. ಆಫ್ರಿಕಾದ ಸಂಸ್ಕೃತಿಯನ್ನು ಗೌರವದಿಂದ ತೋರಿಸುತ್ತಾರೆ ಅಂತ ನಂಬಿ ಒಪ್ಪಿಕೊಂಡವನು, ಸಿನಿಮಾ ಸಾಮ್ರಾಜ್ಯದ ಹೊಗಳಿಕೆಯಾಗಿ ಹೊರಬಂದದ್ದು ನೋಡಿ ತನ್ನದಲ್ಲ ಅಂದುಬಿಟ್ಟ. ಆ ಗುಂಪಿನಲ್ಲಿ ಹಿರಿಯನೊಬ್ಬನ ಸಣ್ಣ ಪಾತ್ರ ಮಾಡಿದವನು ಆಗ ಲಂಡನ್ನಿನಲ್ಲಿ ಓದುತ್ತಿದ್ದ ಜೋಮೋ ಕೆನ್ಯಾಟ್ಟಾ. ಶೆಟ್ಟರೇ, ನಿಮ್ಮ ಕೆನ್ಯಾದ ಮೊದಲ ಅಧ್ಯಕ್ಷ! ಮುಂದೆ ದೇಶ ಆಳುವವನಿಗೆ ಚರ್ಮ ಹೊದಿಸಿ ನಿಲ್ಲಿಸಿದ್ದರು.

ಅದೇ ಕೊರ್ಡಾ 1937ರಲ್ಲಿ ರಾಬರ್ಟ್ ಫ್ಲಾಹರ್ಟಿ ಜೊತೆ ಸೇರಿ ‘ಎಲಿಫೆಂಟ್ ಬಾಯ್’ ತಂದ. ಅದರ ಹುಡುಗ ಕಾರಾಪುರದ ಮಾವುತನ ಮಗ ಸಾಬು. ಹೊರಾಂಗಣ ಇಲ್ಲಿ ತೆಗೆದರು, ಆಮೇಲೆ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದು ಸ್ಟುಡಿಯೋದಲ್ಲಿ ಕಾಡಿನ ಸೆಟ್ ಹಾಕಿದರು. ಆಮೇಲೆ ಅವನು ಹಾಲಿವುಡ್ಡಿಗೆ ಹೋದ, 1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧವಿಮಾನದ ಹಿಂಬದಿಯಲ್ಲಿ ಕೂತು ಗನ್ ಹಿಡಿದ. ಆದರೂ ತೆರೆಯ ಮೇಲೆ ಬಹುಪಾಲು ಕಾಡು, ಆನೆ, ಬರಿಮೈ ಹುಡುಗನ ಪಾತ್ರಗಳೇ.

ಇನ್ನೊಂದು ತಮಾಷೆ ಕೇಳಿ. 1930ರ ದಶಕದ ಟಾರ್ಜನ್ ಸಿನಿಮಾಗಳಲ್ಲಿ ಆಫ್ರಿಕಾದ ಆನೆ ಸಿಗಲಿಲ್ಲ ಅಂತ ಏಷ್ಯಾದ ಆನೆಗಳಿಗೆ ದೊಡ್ಡ ದೊಡ್ಡ ಕಿವಿ ಅಂಟಿಸಿದ್ದರು. ನಮ್ಮ ಕಡೆ ಆನೆ ನೋಡಿ ಬೆಳೆದವರಿಗೆ ಒಂದು ಕ್ಷಣ ಸಾಕು, ತಲೆಯ ಮೇಲಿನ ಎರಡು ಉಬ್ಬು ನೋಡಿದರೆ ಯಾವ ಊರಿನದು ಗೊತ್ತಾಗುತ್ತದೆ.

ಯಲ್ಲಾಪುರದವ:
ಆನೆಗೆ ಕಿವಿ ಅಂಟಿಸಿದ್ದು ಓದಿ ನಗು ಬಂತು, ಯಾಕೆಂದರೆ ನನಗೂ ಅಂಟಿಸಿದ್ದಾರೆ.

ನಾನು ಸಿದ್ದಿ. ನಮ್ಮ ಹಿರಿಯರನ್ನು ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ತಂದರು ಅನ್ನುವುದು ಬಿಟ್ಟರೆ ನಾನು ಉತ್ತರ ಕನ್ನಡ ಜಿಲ್ಲೆಯ ಮನುಷ್ಯ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಒಮ್ಮೆ ಒಂದು ಸಿನಿಮಾಕ್ಕೆ “ಆಫ್ರಿಕಾದವರು ಬೇಕು” ಅಂತ ನಮ್ಮೂರಿನಿಂದ ಹನ್ನೆರಡು ಜನರನ್ನು ವ್ಯಾನಿನಲ್ಲಿ ಕರೆದೊಯ್ದರು. ಮೈಗೆಲ್ಲ ಬಿಳಿ ಬಣ್ಣದ ಚುಕ್ಕೆ, ತಲೆಗೆ ಗರಿ, ಕೈಗೆ ಭರ್ಜಿ. ಡೈಲಾಗ್ ಏನು ಅಂತ ಕೇಳಿದೆ. “ಏನಾದರೂ ಸದ್ದು ಮಾಡಿ, ಆಮೇಲೆ ನೋಡಿಕೊಳ್ಳುತ್ತೇವೆ” ಅಂದರು. ನಾನು ಕೊಂಕಣಿಯಲ್ಲಿ “ಊಟ ಎಷ್ಟೊತ್ತಿಗೆ ಕೊಡುತ್ತೀರಿ” ಅಂತ ಜೋರಾಗಿ ಕಿರುಚಿದೆ, ಎಲ್ಲರೂ ಅದನ್ನೇ ಕಿರುಚಿದರು, ಶಾಟ್ ಓಕೆ ಆಯಿತು. ಥಿಯೇಟರಿನಲ್ಲಿ ನೋಡಿದರೆ ನಮ್ಮ ಬಾಯಿ ಆಡುತ್ತಿದೆ, ದನಿ ಮಾತ್ರ ಹೂ ಹೂ ಹಾ ಹಾ. ಆದ್ದರಿಂದ ಬಿಳಿಯರು ಮಾತ್ರ ಅನ್ನಬೇಡಿ.

ಕಾಫಿಪುಡಿ:
ಅಣ್ಣಾ, ಓದಿ ಮೊದಲು ನಕ್ಕೆ, ಆಮೇಲೆ ಒಂಥರಾ ಆಯಿತು. ನನ್ನ ಮಗಳು ಹಿಡಿದದ್ದೂ ಅದನ್ನೇ ಅನ್ನಿಸುತ್ತಿದೆ. ತೊಂದರೆ ಭರ್ಜಿ, ಗರಿಯಲ್ಲಿ ಅಷ್ಟಿಲ್ಲ, ಬಾಯಿ ಒಬ್ಬರದು ದನಿ ಇನ್ನೊಬ್ಬರದು ಅನ್ನುವುದರಲ್ಲಿದೆ. ಪಾಟೀಲರು ಹೇಳಿದ್ದು ಸರಿ, ಆ ದನಿ ಪಟ್ಟಣದವರನ್ನೂ ಗೇಲಿ ಮಾಡುತ್ತದೆ. ಆದರೆ ಪಟ್ಟಣದ ಆ ವಿಜ್ಞಾನಿ, ಆ ಟೀಚರಮ್ಮ ಆಮೇಲೆ ತಮ್ಮ ಮಾತು ತಾವೇ ಆಡುತ್ತಾರೆ. ನ!ಖಾವ್ ಆಡುವ ಮಾತನ್ನು ಮಾತ್ರ ಕೊನೆಯವರೆಗೂ ಅದೇ ದನಿಯೋ, ಇಲ್ಲ ಕತೆಯೊಳಗಿನ ದುಭಾಷಿಯೋ ಹೇಳಬೇಕು. ಒಂದು ಸಬ್‌ಟೈಟಲ್ ಹಾಕಲು ಏನಾಗಿತ್ತು?

ಓದೋಹುಳ:
ದನಿಯ ವಿಷಯಕ್ಕೆ ಬಂದಿರಿ, ಹಾಗಾದರೆ ಫ್ರಾನ್ಸಿನ ಜಾನ್ ರೂಶ್‌ನ ಕತೆ ಹೇಳಲೇಬೇಕು, ಸ್ವಲ್ಪ ಉದ್ದ ಆಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಹತ್ತಾರು ವರ್ಷ ಕ್ಯಾಮೆರಾ ಹಿಡಿದು ತಿರುಗಿದವನು, 2004ರಲ್ಲಿ ಸತ್ತದ್ದೂ ನೈಜರ್ ದೇಶದಲ್ಲೇ. 1955ರಲ್ಲಿ ಒಂದು ಕಿರುಚಿತ್ರ ತಂದ. ಆಗ ಬ್ರಿಟಿಷರ ಕೈಯಲ್ಲಿದ್ದ, ಈಗಿನ ಘಾನಾದ ಅಕ್ರಾ ಪಟ್ಟಣದ ಕೂಲಿಗಳು ಮೈಮೇಲೆ ಬಂದು ಗವರ್ನರ್, ಜನರಲ್ ಅಂತ ತಮ್ಮ ಬ್ರಿಟಿಷ್ ಅಧಿಕಾರಿಗಳನ್ನೇ ಆವಾಹಿಸಿಕೊಳ್ಳುವ ಪೂಜೆ ಅದರಲ್ಲಿದೆ. ಬಾಯಲ್ಲಿ ನೊರೆ, ನಾಯಿ ಬಲಿ, ಎಲ್ಲ ಇದೆ. ನಮ್ಮ ಕಡೆ ದರ್ಶನ, ಕೋಲ ನೋಡಿ ಬೆಳೆದವರಿಗೆ ಮೈಮೇಲೆ ಬರುವುದು ಹೊಸದಲ್ಲ. ಆದರೆ ಪ್ಯಾರಿಸ್ಸಿನಲ್ಲಿ ನೋಡಿದ ಆಫ್ರಿಕಾದ ವಿದ್ಯಾರ್ಥಿಗಳಿಗೆ ಸಿಟ್ಟು ಬಂತು, ನಮ್ಮನ್ನು ಕಾಡುಜನ ಅಂತ ತೋರಿಸಿದ್ದಾನೆ ಅಂತ. ಬ್ರಿಟಿಷರಿಗೂ ಸಿಟ್ಟು ಬಂತು, ನಮ್ಮ ಗವರ್ನರನ್ನು ಅಣಕಿಸಿದ್ದಾರೆ ಅಂತ, ನಿಷೇಧ ಹಾಕಿದರು. ಒಂದೇ ಸಿನಿಮಾ, ಎರಡೂ ಕಡೆಗೆ ಬೇಡವಾಯಿತು. 1965ರಲ್ಲಿ ಸೆನೆಗಲ್‌ನ ನಿರ್ದೇಶಕ ಉಸ್ಮಾನ್ ಸೆಂಬೇನ್ ರೂಶ್‌ನ ಎದುರಿಗೇ ಹೇಳಿದ, ನೀವು ನಮ್ಮನ್ನು ಹುಳುಗಳನ್ನು ನೋಡುವ ಹಾಗೆ ನೋಡುತ್ತೀರಿ ಅಂತ.

ಆದರೆ ಅದೇ ರೂಶ್ 1958ರಲ್ಲಿ ಇನ್ನೊಂದು ಸಿನಿಮಾ ಮಾಡಿದ್ದ, ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ ಕೂಲಿಗೆ ಬಂದ ಹುಡುಗರ ಬಗ್ಗೆ. ಚಿತ್ರೀಕರಣದಲ್ಲಿ ಮಾತು ದಾಖಲಾಗಿರಲಿಲ್ಲ. ಆಮೇಲೆ ಆ ಚಿತ್ರವನ್ನು ಉಮರು ಗಾಂಡಾ ಅನ್ನುವ ಹುಡುಗನಿಗೆ ತೋರಿಸಿ ನೀನೇ ಮಾತಾಡು ಅಂದ. ಅವನು ತೆರೆ ನೋಡುತ್ತಾ ತನ್ನ ಬದುಕನ್ನು ತಾನೇ ಹೇಳಿದ. ಆ ಗುಂಪಿನಲ್ಲಿ ಒಬ್ಬ ತನಗೆ ಇಟ್ಟುಕೊಂಡಿದ್ದ ಅಡ್ಡಹೆಸರು ಏನು ಗೊತ್ತಾ? ಟಾರ್ಜನ್! ಹತ್ತು ವರ್ಷದಲ್ಲಿ ಗಾಂಡಾ ತಾನೇ ನಿರ್ದೇಶಕನಾದ. ಅಂದರೆ ಬಿಳಿಯ ಕ್ಯಾಮೆರಾ ಹಿಡಿದರೆ ಎಲ್ಲವೂ ಹಾಳು ಅಂತ ನಾನು ಹೇಳಲಾರೆ.

ಹಾಗೆಯೇ ಅವರೇ ಯಾಕೆ ಮಾಡಿಕೊಳ್ಳಲಿಲ್ಲ ಅಂತ ಕೇಳುವವರಿಗೆ: ಫ್ರೆಂಚರು 1934ರಲ್ಲೇ ಕಾನೂನು ಮಾಡಿದ್ದರು. ವಸಾಹತುಗಳಲ್ಲಿ ಚಿತ್ರೀಕರಣಕ್ಕೆ ಸರ್ಕಾರದ ಅನುಮತಿ ಬೇಕು, ಅಲ್ಲಿಯವರಿಗೆ ಅದು ಸಿಗುತ್ತಿರಲಿಲ್ಲ. 1955ರಲ್ಲಿ ಆಫ್ರಿಕಾದ ನಿರ್ದೇಶಕ ಪಾಲಿನ್ ವಿಯೆರಾ ಮತ್ತು ಗೆಳೆಯರು ಆಫ್ರಿಕಾದಲ್ಲಿ ತೆಗೆಯಲು ಆಗದೆ ಪ್ಯಾರಿಸ್ಸಿನಲ್ಲಿರುವ ಆಫ್ರಿಕಾದವರ ಬಗ್ಗೆ ಸಿನಿಮಾ ಮಾಡಬೇಕಾಯಿತು. 1963ರಲ್ಲಿ ಸೆಂಬೇನ್ ಸೆನೆಗಲ್‌ನ ಡಕಾರ್ ಪಟ್ಟಣದ ಒಬ್ಬ ಕುದುರೆಗಾಡಿಯವನ ಬಗ್ಗೆ ಇಪ್ಪತ್ತು ನಿಮಿಷದ ಸಿನಿಮಾ ಮಾಡಿದ. ಅದರಲ್ಲೂ ಹಿನ್ನೆಲೆ ದನಿ ಇದೆ, ಆದರೆ ಅದು ಗಾಡಿಯವನ ಮನಸ್ಸಿನ ಮಾತು. ಇವತ್ತು ಸಂಪಾದನೆ ಆಯಿತಾ, ಮನೆಗೆ ಏನು ಒಯ್ಯಲಿ, ಈ ಗಿರಾಕಿ ದುಡ್ಡು ಕೊಡುತ್ತಾನಾ. ನಮ್ಮ ಆಟೋದವರ ಚಿಂತೆಯೇ.

ಪಾಟೀಲ_ಹುಬ್ಳಿ:
ಆ ಗಾಡಿಯವ ಯಾವ ಭಾಷೆಯಲ್ಲಿ ಯೋಚಿಸುತ್ತಾನೆ? ಫ್ರೆಂಚಿನಲ್ಲಿ ತಾನೇ? ನಾನೂ ಈಗಷ್ಟೇ ಹುಡುಕಿ ನೋಡಿದೆ :)

ಓದೋಹುಳ:
ಸಿಕ್ಕಿಹಾಕಿಸಿದಿರಿ. ಹೌದು, ಫ್ರೆಂಚಿನಲ್ಲೇ. ಫ್ರೆಂಚ್ ದುಡ್ಡಿನ ನೆರವಿಗೆ ಆ ಭಾಷೆ ಬೇಕಿತ್ತು. ಸೆಂಬೇನ್ ತನ್ನ ವೊಲೊಫ್ ಭಾಷೆಯಲ್ಲಿ ಮಾಡಲು 1968ರವರೆಗೆ ಕಾಯಬೇಕಾಯಿತು.

ನೈರೋಬಿ_ಶೆಟ್ಟಿ:
ಕಾಯದೆ ಮಾಡಿದವರೂ ಇದ್ದಾರೆ ಮಾರಾಯ್ರೇ. 1992ರಲ್ಲಿ ನೈಜೀರಿಯಾದವರು ಥಿಯೇಟರೇ ಬೇಡ ಅಂತ ಇಗ್ಬೊ ಭಾಷೆಯ ಸಿನಿಮಾವನ್ನು ಸೀದಾ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾರಿದರು. ಅಲ್ಲಿಂದ ನಾಲಿವುಡ್, ಅಂದರೆ ನೈಜೀರಿಯಾದ ಸಿನಿಮಾರಂಗ, ಹೇಗೆ ಬೆಳೆಯಿತು ಅಂದರೆ, ಯುನೆಸ್ಕೋದ ಲೆಕ್ಕದಲ್ಲಿ 2006ರಲ್ಲಿ ಭಾರತ 1,091 ಸಿನಿಮಾ, ನೈಜೀರಿಯಾ 872, ಅಮೆರಿಕ 485. ಅಮೆರಿಕ ಮೂರನೇ ಸ್ಥಾನ! ಅವುಗಳಲ್ಲಿ ಸಿಂಹ ಇಲ್ಲ, ಸೂರ್ಯಾಸ್ತ ಇಲ್ಲ. ಅತ್ತೆ ಸೊಸೆ ಜಗಳ, ಮಾಟ, ಆಸ್ತಿ, ಪಾದ್ರಿ, ಮೋಸ ಮಾಡುವ ಗಂಡ. ನಮ್ಮ ಸೀರಿಯಲ್ ನೋಡುವವರಿಗೆ ಮೊದಲ ದಿನವೇ ಒಗ್ಗುತ್ತದೆ. ಉತ್ತರ ನೈಜೀರಿಯಾದ ಹೌಸಾ ಜನ ಅಂತೂ ಎಷ್ಟೋ ವರ್ಷ ಹಿಂದಿ ಸಿನಿಮಾವನ್ನೇ ತಮ್ಮದು ಅಂತ ನೋಡಿದವರು. ಅವರು ನಮ್ಮನ್ನು ನೋಡುತ್ತಿದ್ದಾಗ ನಾವು ಅವರನ್ನು ಎಲ್ಲಿ ನೋಡುತ್ತಿದ್ದೆವು ಹೇಳಿ, ಟಾರ್ಜನ್‌ನಲ್ಲಿ.

ಪಾಟೀಲ_ಹುಬ್ಳಿ:
ಇದೆಲ್ಲ ಸರಿ. ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಒಂದು ತಮಾಷೆ ಸಿನಿಮಾದಿಂದ ಆ ಬುಷ್‌ಮನ್ ಜನರಿಗೆ ಆದ ನಷ್ಟ ಏನು? ಬೇಜಾರು ಬೇರೆ, ನಷ್ಟ ಬೇರೆ. ಒಂದು ಉದಾಹರಣೆ ಕೊಡಿ, ಬಾಯಿ ಮುಚ್ಚಿಕೊಳ್ಳುತ್ತೇನೆ.

ಓದೋಹುಳ:
ಕೊಡುತ್ತೇನೆ. ಜಾನ್ ಮಾರ್ಷಲ್ ಅಂತ ಅಮೆರಿಕದವನು, 1950ರ ದಶಕದಿಂದ ಇದೇ ಜನರ ನಡುವೆ ಇದ್ದವನು. ಅವರು ತಮ್ಮನ್ನು ಜುಹ್ವಾನ್ಸಿ ಅಂದುಕೊಳ್ಳುತ್ತಾರೆ. 1980ರಲ್ಲೇ, ನಿಮ್ಮ ಕಾಮಿಡಿ ಬಂದ ವರ್ಷವೇ, ಅವನು ನ!ಐ ಅನ್ನುವ ಹೆಂಗಸಿನ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ತಂದ. ಅವಳನ್ನು ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಚಿತ್ರಿಸಿದ್ದ. ಅದರಲ್ಲಿ ‘ಗಾಡ್ಸ್ ಮಸ್ಟ್ ಬಿ ಕ್ರೇಜಿ’ ತೆಗೆಯುತ್ತಿದ್ದ ಯೂಸ್‌ನ ತಂಡ ಅವಳಿಂದಲೂ ನಟನೆ ಮಾಡಿಸುವುದು ಕಾಣುತ್ತದೆ. ಕ್ಯಾಮೆರಾ ಆಚೆ ತಿರುಗಿಸಿದರೆ ಚುಮ್‌ಕ್ವೆ ಅನ್ನುವ ಸರ್ಕಾರಿ ಕ್ಯಾಂಪು. ಬೇಟೆಯ ನೆಲ ಹೋಗಿದೆ, ಜೋಳದ ಹಿಟ್ಟಿನ ರೇಷನ್, ಕ್ಷಯ, ಕುಡಿತ. ಸಿನಿಮಾದವರು ಕೊಟ್ಟ ದುಡ್ಡಿಗಾಗಿ ನೆಂಟರೊಳಗೇ ಜಗಳ. ದಕ್ಷಿಣ ಆಫ್ರಿಕಾದ ಸೈನ್ಯ ಬಂದು ಗಂಡಸರನ್ನು ಭರ್ತಿ ಮಾಡಿಕೊಳ್ಳುತ್ತಿದೆ. ಒಡೆತನ, ಜಗಳ, ಹಿಂಸೆ ಏನೂ ಗೊತ್ತಿಲ್ಲದ ಜನ ಅಂತ ಜಗತ್ತೆಲ್ಲ ನಗುತ್ತಿದ್ದಾಗ ಅಲ್ಲಿ ನಡೆಯುತ್ತಿದ್ದದ್ದು ಇದು.

ನಷ್ಟ ಕೇಳಿದಿರಲ್ಲ. 1980ರ ದಶಕದಲ್ಲಿ ಅಧಿಕಾರಿಗಳು ಅವರ ಉಳಿದ ನೆಲವನ್ನು ವನ್ಯಧಾಮ ಮಾಡಲು ಹೊರಟರು. ಯೋಜನೆ ಏನು ಅಂದರೆ, ಜುಹ್ವಾನ್ಸಿ ಅಲ್ಲಿ ಇರಬಹುದು, ಆದರೆ ಬಿಲ್ಲು ಬಾಣ ಹಿಡಿದು ಹಳೇ ರೀತಿಯಲ್ಲಿ ಬದುಕಬೇಕು, ಪ್ರವಾಸಿಗರು ಬಂದು ನೋಡುತ್ತಾರೆ. ಆ ಜನ ಕೇಳಿದ್ದು ಬೋರ್‌ವೆಲ್ಲು, ದನ, ಒಂದು ಹೊಲ. ಬೇಟೆಗಾರರಿಗೆ ದನ ಯಾಕೆ, ಅವರ ರಕ್ತದಲ್ಲೇ ಬೇಸಾಯ ಇಲ್ಲ ಅನ್ನುವ ಮಾತು ಮತ್ತೆ ಮತ್ತೆ ಬಂತು. ಮಾರ್ಷಲ್ ಅವರ ಜೊತೆ ನಿಂತು ಬಾವಿ ತೋಡಿಸಿದ, ದನ ಕೊಡಿಸಿದ, ಆ ಯೋಜನೆಗೆ ಅಡ್ಡ ನಿಂತ. ಸಿನಿಮಾ ಒಂದೇ ಇದಕ್ಕೆ ಕಾರಣ ಅನ್ನಲಾರೆ. ಆದರೆ ನೀರು ಕೇಳುವವನ ಮುಂದೆ, ನಿನಗೆ ಇಬ್ಬನಿ ಸಾಕಲ್ಲ, ಸಿನಿಮಾದಲ್ಲಿ ನೋಡಿದ್ದೇವೆ ಅನ್ನುವ ಜಗತ್ತು ನಿಂತಿತ್ತು ನೋಡಿ.

ಯಲ್ಲಾಪುರದವ:
ಬೋರ್‌ವೆಲ್ ಕೇಳಿದರೆ ಡಾನ್ಸ್ ಮಾಡಿ ತೋರಿಸು ಅನ್ನುವುದು ನಮಗೂ ಗೊತ್ತಿದೆ. ಯಾವ ಕಾರ್ಯಕ್ರಮ ಇದ್ದರೂ ಢಮಾಮಿ ಕುಣಿತಕ್ಕೆ ಕರೆಯುತ್ತಾರೆ, ನೆಲದ ಪಟ್ಟಾ ಕೇಳಲು ಹೋದರೆ ನಾಳೆ ಬಾ.

ಪಾಟೀಲ_ಹುಬ್ಳಿ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನ!ಐ ಸಾಕ್ಷ್ಯಚಿತ್ರ ನೋಡಿದೆ, ಒಂದು ಗಂಟೆ ಅಷ್ಟೇ. ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಹಟಕ್ಕೆ ಬಿದ್ದು ‘ಗಾಡ್ಸ್ ಮಸ್ಟ್ ಬಿ ಕ್ರೇಜಿ’ ಮತ್ತೆ ಹಾಕಿದೆ. ನಿಜ ಹೇಳುತ್ತೇನೆ, ಬ್ರೇಕ್ ಇಲ್ಲದ ಲ್ಯಾಂಡ್‌ರೋವರ್ ಮರ ಹತ್ತುವ ದೃಶ್ಯಕ್ಕೆ ಈಗಲೂ ನಕ್ಕೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಬುಷ್‌ಮನ್ ಭಾಗ ಬಂದಾಗ ಕಾಫಿಪುಡಿ ಸರ್ ಮಾತು ನೆನಪಾಗಿ ರಿಮೋಟ್ ಒತ್ತಿ ದನಿ ಪೂರ್ತಿ ಇಳಿಸಿಬಿಟ್ಟೆ. ಬಾಟಲಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾನಲ್ಲ, ಅದನ್ನು ನೋಡಿ. ಒಬ್ಬ ಅಡುಗೆಯವನು, ದಿನಾ ಬಾಟಲಿ ತೊಳೆದವನು ಇರಬೇಕು, ಇದೇನಿದು ಅಂತ ಹುಬ್ಬು ಹೇಗೆ ಏರಿಸುತ್ತಾನೆ ನೋಡಿ. ನಾನು ಹಿಂದಕ್ಕೆ ಹಾಕಿ ಹಾಕಿ ಮೂರು ಸಲ ನೋಡಿದೆ.